ಮನೆಯ ಆಂಟೆನಾ ಮತ್ತು ಹುಳಿಮಾವಿನ ಆಕಾಶ: ಒಂದು ಆಕರ ವಿಮರ್ಶೆ

ಶಾಸನವನ್ನು ಓದುವ ವಿದ್ವಾಂಸನು ಕಲ್ಲಿನ ಯಾವ ಭಾಗ ಒಡೆದಿದೆಯೆಂಬುದನ್ನು ಮೊದಲು ಗುರುತಿಸುತ್ತಾನೆ. ಉಳಿದ ಅಕ್ಷರಗಳ ಅರ್ಥವನ್ನು ಅನಂತರ ನಿರ್ಣಯಿಸುತ್ತಾನೆ. ಇತಿಹಾಸಕ್ಕೆ ಈಚೆಗೆ ಒದಗಿರುವ ಹೊಸ ಆಕರವೊಂದಕ್ಕೂ, ಎಂದರೆ ಮನೆಯ ಮಾಳಿಗೆಯ ಆಂಟೆನಾದಿಂದ ಸಂಗ್ರಹವಾಗುವ ವಿಮಾನಸಂಚಾರದ ದಾಖಲೆಗೂ, ಇದೇ ಕ್ರಮವು ಅವಶ್ಯವಾಗಿದೆ. ದಕ್ಷಿಣ ಬೆಂಗಳೂರಿನ ಹುಳಿಮಾವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ನಾಗರಿಕ ವಿಮಾನಗಳು ಬಹುಮಟ್ಟಿಗೆ ತಮ್ಮ ಗುರುತು, ಸ್ಥಾನ, ಎತ್ತರಗಳನ್ನು 1090 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ತಾವೇ ಪ್ರಸಾರ ಮಾಡುತ್ತವೆ. ಈ ಅಲೆಯ ಉದ್ದ ಸುಮಾರು 27.5 ಸೆಂಟಿಮೀಟರು. ಅದರ ಕಾಲುಭಾಗವಾದ 6.9 ಸೆಂಟಿಮೀಟರು ಉದ್ದದ ತಾಮ್ರದ ತಂತಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ಅಷ್ಟೇ ಉದ್ದದ ನಾಲ್ಕು ತಂತಿಗಳನ್ನು ಓರೆಯಾಗಿ ಕೆಳಕ್ಕೆ ಬಾಗಿಸಿದರೆ ಆಂಟೆನಾ ಸಿದ್ಧವಾಗುತ್ತದೆ. ನೆಟ್ಟಗಿನ ತಂತಿಯು ಕೇಬಲಿನ ಒಳತಂತಿಗೂ, ಉಳಿದ ನಾಲ್ಕು ಅದರ ಹೊರಹೆಣಿಗೆಗೂ ಸೇರಬೇಕು. ಒಂದು ಇನ್ನೊಂದನ್ನು ಮುಟ್ಟಬಾರದು. ಕೇಬಲು ನೀಳವಾದಷ್ಟೂ ಸಂಕೇತವು ಕ್ಷೀಣಿಸುತ್ತದೆ. ದೂರದರ್ಶನಕ್ಕೆಂದು ಮಾರಾಟವಾಗುತ್ತಿದ್ದ, ಗಣಕದ ಯು.ಎಸ್.ಬಿ. ದ್ವಾರಕ್ಕೆ ಸಿಕ್ಕಿಸುವ ಅಗ್ಗದ ರಿಸೀವರನ್ನು ಇಂಥ ಕಾರ್ಯಗಳಿಗೂ ಬಳಸಬಹುದೆಂಬುದು ವ್ಯಾಪಕವಾಗಿ ತಿಳಿದುಬಂದುದು 2012ರಲ್ಲಿ.

ಈ ವರ್ಷವು ಗಮನಾರ್ಹವಾದುದು. ಹುಳಿಮಾವಿನ ಈಶಾನ್ಯಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಎಚ್.ಎ.ಎಲ್. ನಿಲ್ದಾಣದಿಂದ ನಾಗರಿಕ ವಿಮಾನಸೇವೆಯು ದೇವನಹಳ್ಳಿಗೆ ವರ್ಗವಾದುದು 2008ರ ಮೇ 24ರಂದು. ಅಗ್ಗದ ಸಾಧನವು ಕೈಗೆ ಬರುವ ವೇಳೆಗೆ ಹತ್ತಿರದ ಆ ಸಂಚಾರ ಮುಗಿದು ನಾಲ್ಕು ವರ್ಷಗಳಾಗಿದ್ದುವು. ಆ ಕಾಲವನ್ನು ಅರಿಯಲು ಸರ್ಕಾರಿ ಕಡತಗಳನ್ನೂ ಪತ್ರಿಕೆಗಳನ್ನೂ ನಿವಾಸಿಗಳ ನೆನಪನ್ನೂ ಆಶ್ರಯಿಸಬೇಕಾಗುತ್ತದೆ.

ಅನಂತರದ ದಾಖಲೆಯೂ ಪೂರ್ಣವಲ್ಲ. 2001ರ ಜನವರಿ 4ರಂದು ತೇಜಸ್ ಮೊದಲು ಹಾರಿದುದು ಎಚ್.ಎ.ಎಲ್. ನಿಲ್ದಾಣದಿಂದಲೇ, ಸೈನಿಕ ಮತ್ತು ಪರೀಕ್ಷಾ ಹಾರಾಟಗಳು ಅಲ್ಲಿ ನಿಂತಿಲ್ಲ. ಆದರೆ ಸೈನಿಕ ವಿಮಾನಗಳು ತಮ್ಮ ಸ್ಥಾನವನ್ನು ಸದಾ ಸಾರಲೇಬೇಕೆಂದಿಲ್ಲ. ಮೇಲಾಗಿ, ಈ ಅಲೆಗಳು ಬಹುತೇಕ ನೇರದೃಷ್ಟಿಯಲ್ಲಿ ಚಲಿಸುತ್ತವೆ. 10,000 ಮೀಟರು ಎತ್ತರದ ವಿಮಾನವು ಸುಮಾರು 400 ಕಿಲೋಮೀಟರು ದೂರದಿಂದ ದೊರೆಯಬಲ್ಲುದು. ದೇವನಹಳ್ಳಿಯಲ್ಲಿ ಇಳಿಯುತ್ತಿರುವ ವಿಮಾನವಾದರೋ ನಗರದ ಕಟ್ಟಡಗಳ ಮರೆಯಲ್ಲಿ ಕಾಣದಂತಾಗಬಹುದು. ನೆರೆಮನೆಯ ಮೇಲೆ ಒಂದು ಅಂತಸ್ತು ಎದ್ದರೆ ದಾಖಲೆಯ ಸಂಖ್ಯೆ ಇಳಿದೀತು; ಅದರಿಂದ ಸಂಚಾರ ಇಳಿಯಿತೆಂದು ಹೇಳುವುದು ತಪ್ಪು.

ತನ್ನ ಆಂಟೆನಾದ ಮಿತಿಯನ್ನು ತಾನೇ ಹೇಳಿದ ಮೇಲ್ಪಂಕ್ತಿ ನಮ್ಮ ನಾಡಿನಲ್ಲಿಯೇ ಉಂಟು. ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ 1,000 ದ್ವಿಧ್ರುವ ಆಂಟೆನಾಗಳನ್ನು 'ಟಿ' ಆಕಾರದಲ್ಲಿ ಹೂಡಿದುವು. ಅದರಿಂದ 34.5 ಮೆಗಾಹರ್ಟ್ಸ್‌ನಲ್ಲಿ ನಡೆಸಿದ ಆಕಾಶ ಸಮೀಕ್ಷೆಯನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯ ಶಂಕರ್ 1990ರಲ್ಲಿ ಪ್ರಕಟಿಸಿದಾಗ, ಖಗೋಳದ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 50, ಉತ್ತರಕ್ಕೆ 70 ಡಿಗ್ರಿಗಳೆಂದು ಅದರ ವ್ಯಾಪ್ತಿಯನ್ನು ನಿರ್ದೇಶಿಸಿದರು.

ಮನೆಯ ದಾಖಲೆಯನ್ನು ಕಾಪಿಡುವವರೂ ಆಂಟೆನಾದ ಅಳತೆ, ನೆಲದಿಂದ ಎತ್ತರ, ಕೇಬಲಿನ ಉದ್ದ, ಸುತ್ತಣ ತಡೆಗಳು, ಬದಲಾವಣೆಯ ದಿನಾಂಕ ಇವುಗಳನ್ನು ಜೊತೆಯಲ್ಲಿಯೇ ಬರೆದಿಡುವುದು ಉಚಿತ. ಇವು ಇಲ್ಲದಿದ್ದರೆ, ವಿಮಾನ ಬರಲಿಲ್ಲವೋ ಆಂಟೆನಾಕ್ಕೆ ಕಾಣಲಿಲ್ಲವೋ ಎಂಬುದನ್ನು ಮುಂದಿನ ಸಂಶೋಧಕನು ನಿರ್ಣಯಿಸಲಾರನು.