ಮಾರಿದವನ ಹೊಣೆ

ದೆಹಲಿಯ ಸೀಲಂಪುರದ ಗಲ್ಲಿಗಳಲ್ಲಿ ಹಳೆಯ ಕಂಪ್ಯೂಟರುಗಳನ್ನು ಒಡೆದು, ತಾಮ್ರಕ್ಕಾಗಿ ತಂತಿ ಸುಟ್ಟು, ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವ ಕಸುಬು ಇ-ತ್ಯಾಜ್ಯದ ಕಾನೂನಿಗಿಂತ ಹಳೆಯದು. ನಾವು ಗುಜರಿಯವನಿಗೆ ತೂಕಕ್ಕೆ ಹಾಕಿದ ಟಿ.ವಿ. ಕೊನೆಗೆ ಸೇರುವುದು ಇಂಥ ಕಡೆಗೇ.

ವಸ್ತು ಕೆಟ್ಟ ಮೇಲೂ ಅದರ ಹೊಣೆ ತಯಾರಿಸಿದವನದೇ ಎಂಬ ವಿಚಾರಕ್ಕೆ 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ‘ವಿಸ್ತೃತ ಉತ್ಪಾದಕ ಹೊಣೆಗಾರಿಕೆ’ ಎಂಬ ಹೆಸರು ಕೊಟ್ಟರು. ಭಾರತಕ್ಕೆ ಅದು ತಡವಾಗಿ ಬಂತು. 2005ರಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಮರುಬಳಕೆ ಘಟಕ ಆರಂಭವಾದಾಗ ಇ-ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮವಿರಲಿಲ್ಲ. 2012ರ ಮೇ 1ರಿಂದ ಜಾರಿಗೆ ಬಂದ ಮೊದಲ ನಿಯಮಗಳು ಉತ್ಪಾದಕರನ್ನು ಹೊಣೆಯಾಗಿಸಿದವು; ಎಷ್ಟು ಸಂಗ್ರಹಿಸಬೇಕೆಂದು ಹೇಳಲಿಲ್ಲ. ಅಳತೆಯಿಲ್ಲದ ಹೊಣೆಯನ್ನು ಯಾವ ವರ್ತಕ ತಾನೇ ಹೊರುತ್ತಾನೆ? 2016ರ ನಿಯಮಗಳು ಗುರಿ ನಿಗದಿಪಡಿಸಿದವು. ಎರಡೇ ವರ್ಷಕ್ಕೆ ತಿದ್ದುಪಡಿಯಾಗಿ, ಶೇ. 30ರಿಂದ ಶುರುವಾಗಬೇಕಿದ್ದ ಗುರಿ ಶೇ. 10ಕ್ಕೆ ಇಳಿಯಿತು.

2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಲ್ಲಿ ಗುರಿ ಶೇ. 60ರಿಂದ ಆರಂಭ. ನೋಂದಾಯಿತ ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡು ಕಂಪನಿ ತನ್ನ ಹೊಣೆ ತೀರಿಸಬಹುದು. ನೋಂದಣಿ ತಯಾರಕರು, ಉತ್ಪಾದಕರು, ಹಳತನ್ನು ದುರಸ್ತಿಮಾಡಿ ಮಾರುವವರು ಮತ್ತು ಮರುಬಳಕೆ ಘಟಕಗಳಿಗೆ ಮಾತ್ರ. ಹಿಂದಿನ ನಿಯಮಗಳಲ್ಲಿದ್ದ ‘ಬಿಡಿಭಾಗ ಕಳಚುವವರು’ ಈ ಪಟ್ಟಿಯಲ್ಲಿಲ್ಲ. ಸೀಲಂಪುರದ ಕಸುಬೇ ಅದು. ಅಂಥ ಕಾರ್ಮಿಕರನ್ನು ಗುರುತಿಸಿ ತರಬೇತಿ ಕೊಡುವ ಕೆಲಸವನ್ನು ನಿಯಮಗಳು ಹೊರಿಸಿರುವುದು ರಾಜ್ಯ ಸರ್ಕಾರಗಳ ಮೇಲೆ, ಮಾರಿದವರ ಮೇಲಲ್ಲ.