ಮಾತ್ರೆಯ ಕಾನೂನು ದಿಲ್ಲಿಯದು, ಲೈಸೆನ್ಸ್ ರಾಜ್ಯದ್ದು

ಬೆಂಗಳೂರಿನ ಕುಮಾರ ಪಾರ್ಕ್ ದಾಟಿ ರೇಸ್ ಕೋರ್ಸ್ ರಸ್ತೆಗೆ ಬಂದರೆ ಮೈಕ್ರೋ ಲ್ಯಾಬ್ಸ್ ಕಂಪನಿಯ ಕಚೇರಿ ಇದೆ. ಕೊರೊನಾ ಕಾಲದಲ್ಲಿ ನಮ್ಮ ಹಳ್ಳಿಯ ಮನೆಮನೆಗೂ ಬಂದ ಡೋಲೋ 650 ಈ ಕಂಪನಿಯದ್ದೇ. ಅಲ್ಲಿಂದ ಅರಮನೆ ರಸ್ತೆಗೆ ಹೋದರೆ ರಾಜ್ಯದ ಔಷಧ ನಿಯಂತ್ರಣ ಕಚೇರಿ. ಮಾತ್ರೆ ಮಾಡುವವರೂ ಅವರನ್ನು ಕಾಯುವವರೂ ಇಷ್ಟು ಹತ್ತಿರ. ಆದರೆ ಇಬ್ಬರಿಗೂ ಅನ್ವಯಿಸುವ ಕಾನೂನು ಇಲ್ಲಿ ಹುಟ್ಟಿದ್ದಲ್ಲ.

ನೂರು ವರ್ಷದ ಹಿಂದೆ ಔಷಧಿಗೆ ಅಂತ ಇಡೀ ದೇಶಕ್ಕೆ ಒಂದು ಕಾನೂನೇ ಇರಲಿಲ್ಲ. ವಿಷ ಪದಾರ್ಥಕ್ಕೆ 1919ರ ಕಾಯ್ದೆ ಇತ್ತು, ಅಷ್ಟೇ. ಚಳಿಜ್ವರಕ್ಕೆ ಜನ ನಂಬಿದ್ದ ಕ್ವಿನೈನ್‌ನಲ್ಲೇ ಕಲಬೆರಕೆ ನಡೆಯುತ್ತಿತ್ತು. ಮಲೆನಾಡಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಲಾಟೆ ಹೆಚ್ಚಾಗಿ 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಸಮಿತಿ ನೇಮಕವಾಯಿತು, ಮರುವರ್ಷ ವರದಿ ಬಂತು. ಕಾನೂನು ಬರಲು ಮತ್ತೆ ಒಂಬತ್ತು ವರ್ಷ! ಈ ನಡುವೆ 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಮರುವರ್ಷವೇ ಹೊಸ ಕಾನೂನು ಬಂತು.

ನಮ್ಮಲ್ಲಿ ತಡವಾಗಲು ಒಂದು ಕಾರಣ, ಔಷಧಿ ಆಗ ಪ್ರಾಂತ್ಯಗಳ ವಿಷಯ. ನೀವೇ ಕಾನೂನು ಮಾಡಿ ಎಂದು ಎಲ್ಲ ಪ್ರಾಂತ್ಯಗಳ ಶಾಸನಸಭೆಗಳು ಠರಾವು ಮಾಡಿ ಕೊಟ್ಟ ಮೇಲೆಯೇ ಕೇಂದ್ರ 1940ರಲ್ಲಿ ಡ್ರಗ್ಸ್ ಆಕ್ಟ್ ತಂದಿತು. ಅದರ ನಿಯಮಗಳು ಬಂದದ್ದು 1945ರಲ್ಲಿ.

ಇಂದಿನ ಕರ್ನಾಟಕಕ್ಕೆ ಅದು ಒಟ್ಟಿಗೆ ಬರಲಿಲ್ಲ ಎಂಬುದು ನಮಗೆ ಕುತೂಹಲದ ಸಂಗತಿ. ತಯಾರಿಕೆ, ಮಾರಾಟದ ಅಧ್ಯಾಯ ಕೊಡಗಿನಲ್ಲಿ 1947ರ ಏಪ್ರಿಲ್ 1ರಂದು ಜಾರಿಯಾಯಿತು. ಧಾರವಾಡ, ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿದ್ದವು, ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ. ಬೆಂಗಳೂರು ಮೈಸೂರು ಮಹಾರಾಜರ ಸೀಮೆ, ಕಲಬುರಗಿ, ರಾಯಚೂರು ನಿಜಾಮರದ್ದು. ಸಂಸ್ಥಾನಗಳಾಗಿದ್ದ ಈ ಭಾಗಗಳಿಗೆ ಕೇಂದ್ರದ ಈ ಕಾಯ್ದೆಯನ್ನು ವಿಸ್ತರಿಸಿದ್ದು 1951ರಲ್ಲಿ.

ಇನ್ನು ಕೊಡುವವರ ವಿಷಯ. ಸೀಸೆಗೆ ಕೆಂಪು ನೀರು ತುಂಬಿ, ಗುಟುಕಿನ ಅಳತೆಗೆ ಕಾಗದ ಅಂಟಿಸಿ ಕೊಡುತ್ತಿದ್ದ ಕಾಂಪೌಂಡರ್‌ಗಳನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಆ ಕೆಲಸಕ್ಕೆ ಓದು, ನೋಂದಣಿ ಬೇಕೆಂದದ್ದು 1948ರ ಫಾರ್ಮಸಿ ಆಕ್ಟ್. ಅದರ 42ನೇ ಕಲಮು ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧಿ ಕೊಡುವಂತಿಲ್ಲ. ಮೆಡಿಕಲ್ ಶಾಪಿನ ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರ್‌ನಲ್ಲಿ ಇನ್ನೊಬ್ಬ ಹುಡುಗ ಇರುವುದನ್ನು ನೀವೂ ನೋಡಿರುತ್ತೀರಿ.

1962ರಲ್ಲಿ ಸೌಂದರ್ಯ ಸಾಧನಗಳೂ ಸೇರಿ ಕಾಯ್ದೆಯ ಹೆಸರು ಉದ್ದವಾಯಿತು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ಗ್ಲೈಕಾಲ್ ವಿಷದಿಂದ 14 ರೋಗಿಗಳು ಸತ್ತರು. ನಕಲಿ ಔಷಧಿಯಿಂದ ಸಾವಾದರೆ ಜೀವಾವಧಿಯವರೆಗೂ ಶಿಕ್ಷೆ ಆಗಬಹುದು.

ಆದರೆ 1940ರ ಒಂದು ಗಂಟು ಇನ್ನೂ ಬಿಚ್ಚಿಲ್ಲ. ಕಾನೂನು ಕೇಂದ್ರದ್ದು. ಹೊಸ ಔಷಧಿಗೆ, ಆಮದಿಗೆ ಒಪ್ಪಿಗೆ ಕೇಂದ್ರದ್ದು. ಕಾರ್ಖಾನೆಗೆ, ಅಂಗಡಿಗೆ ಲೈಸೆನ್ಸ್ ಮಾತ್ರ ಆಯಾ ರಾಜ್ಯದ್ದು. ಇದರಿಂದ ಏನಾಗುತ್ತದೆ ಎಂಬುದನ್ನು ಬಳ್ಳಾರಿ ತೋರಿಸಿತು. 2024ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ. ಅದನ್ನು ತಯಾರಿಸಿದ್ದು ಪಶ್ಚಿಮ ಬಂಗಾಳದ ಕಂಪನಿ. ನಮ್ಮ ರಾಜ್ಯದ ಲ್ಯಾಬು ಕೆಲವು ಬ್ಯಾಚ್ ಕಳಪೆ ಎಂದಿತ್ತು, ಕೋಲ್ಕತ್ತದ ಕೇಂದ್ರ ಲ್ಯಾಬು ಗುಣಮಟ್ಟ ಸರಿಯಿದೆ ಎಂದಿತು. ಕಾಯ್ದೆಯಲ್ಲಿ ಕೇಂದ್ರ ಲ್ಯಾಬಿನ ಮಾತೇ ಕೊನೆ. ಕರ್ನಾಟಕ ಆ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಬಹುದು, ತನ್ನ ಅಧಿಕಾರಿಯನ್ನು ಅಮಾನತು ಮಾಡಬಹುದು. ಎರಡನ್ನೂ ಮಾಡಿತು. ಬೇರೆ ರಾಜ್ಯ ಕೊಟ್ಟ ತಯಾರಿಕಾ ಲೈಸೆನ್ಸ್ ರದ್ದು ಮಾಡುವುದು ಮಾತ್ರ ಅದರ ಕೈಲಿಲ್ಲ. ತಾಯಿ ಇಲ್ಲದೆ ಬೆಳೆಯುತ್ತಿರುವ ಕೂಸುಗಳ ಮನೆಯವರಿಗೆ ಈ ವ್ಯವಸ್ಥೆಯನ್ನು ಹೇಗೆ ವಿವರಿಸುವುದು?

ಹಳ್ಳಿಗೆ ಈ ಕಾನೂನಿನಲ್ಲಿ ಎರಡು ಜಾಗಗಳಿವೆ. ಒಂದು, ನಿಯಮಗಳ 'ಕೆ' ಅನುಸೂಚಿ. ಸಾವಿರಕ್ಕಿಂತ ಹೆಚ್ಚು ಜನರಿಲ್ಲದ, ಮೆಡಿಕಲ್ ಶಾಪೂ ಇಲ್ಲದ ಊರಿನಲ್ಲಿ ಪ್ಯಾರಾಸಿಟಮಾಲ್, ನೋವಿನ ಬಾಮು, ಗ್ರೈಪ್ ವಾಟರ್ ಮುಂತಾದವನ್ನು ಕಿರಾಣಿ ಅಂಗಡಿಯವರು ಲೈಸೆನ್ಸ್ ಇಲ್ಲದೆ ಮಾರಬಹುದು. ಕಂಪನಿಯ ಪ್ಯಾಕ್ ಒಡೆದಿರಬಾರದು. ಆ್ಯಂಟಿಬಯಾಟಿಕ್ ಇದರಲ್ಲಿ ಬರುವುದಿಲ್ಲ.

ಎರಡನೆಯದು 26ನೇ ಕಲಮು. ಅದನ್ನು ಬಳಸುವವರು ಕಡಿಮೆ. ಔಷಧಿ ಕೊಂಡ ಯಾರೇ ಆಗಲಿ, ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಅದರ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯಬಹುದು. ಅದಕ್ಕಾಗಿ ಬಿಲ್ ಕೇಳಿ ಇಟ್ಟುಕೊಳ್ಳಿ. ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಟ್ಟರೆ, ಬ್ಯಾಚ್ ನಂಬರ್ ಇರುವ ತುಂಡನ್ನೇ ಕೇಳಿ, ಇಲ್ಲವೇ ಅಲ್ಲೇ ಫೋನಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ.