ಪರಿಧಿದೃಷ್ಟಿ ಮತ್ತು ಗಣಕದ ಪರದೆ

ನೋಟ ನೆಟ್ಟ ಬಿಂದುವಿನ ಸುತ್ತ ಹಬ್ಬಿದ, ಸ್ಫುಟತೆ ಕುಂದಿದ ದೃಷ್ಟಿಕ್ಷೇತ್ರವೇ ಪರಿಧಿದೃಷ್ಟಿ. ಪರದೆ ಹಿರಿದಾದಷ್ಟೂ ಅದರ ಹೆಚ್ಚಿನ ಭಾಗ ಈ ಕ್ಷೇತ್ರಕ್ಕೆ ಸೇರುವುದು. ಅಕ್ಷಿಪಟಲದ ನಡುವಣ ಕುಳಿ ಸುಮಾರು 2 ಡಿಗ್ರಿಯಷ್ಟನ್ನೇ ಅತಿಸ್ಪಷ್ಟವಾಗಿ ಗ್ರಹಿಸುತ್ತದೆ. 60 ಸೆಂ.ಮೀ. ದೂರದಿಂದ 14 ಅಂಗುಲದ ಅಗಲಪರದೆ ಅಡ್ಡಲಾಗಿ ಸುಮಾರು 29 ಡಿಗ್ರಿಯನ್ನೂ 24 ಅಂಗುಲದ್ದು ಸುಮಾರು 48 ಡಿಗ್ರಿಯನ್ನೂ ವ್ಯಾಪಿಸುವುದರಿಂದ, ನಡುವೆ ಓದುತ್ತಿರುವವರಿಗೆ ಬಲ ಕೆಳಮೂಲೆಯಲ್ಲಿ ಮೂಡಿದ ಸಣ್ಣ ಸೂಚನೆ ಚಿಕ್ಕ ಪರದೆಯಲ್ಲಿ ಕಣ್ಣಿಗೆ ಬೀಳುವಷ್ಟು ಸುಲಭವಾಗಿ ದೊಡ್ಡದರಲ್ಲಿ ಬೀಳದು. ಅಂಚಿಗೆ ಸರಿದಂತೆಲ್ಲ ನೆರೆಯ ಅಕ್ಷರಗಳು ಒಂದರೊಡನೊಂದು ಕಲಸಿಹೋಗುವ ಸಂದಣಿಯನ್ನು ಅಳೆದ ಹರ್ಮನ್ ಬೌಮ, ಅಕ್ಷರವನ್ನು ಗುರುತಿಸಬೇಕಾದರೆ ನೋಟಬಿಂದುವಿನಿಂದ ಅದಕ್ಕಿರುವ ದೂರದ ಅರ್ಧದಷ್ಟು ತೆರಪು ನೆರೆಯಕ್ಷರಗಳಿಂದ ಇರಬೇಕೆಂದು 1970ರಲ್ಲಿ ತೋರಿಸಿದರು. ಸೂಕ್ಷ್ಮ ಆಕಾರಗಳಿಗಿಂತ ಚಲನೆಯನ್ನೂ ಮಿನುಗನ್ನೂ ಪರಿಧಿ ಚೆನ್ನಾಗಿ ಹಿಡಿಯುವುದಾದರೂ, ಗಮನ ಅನ್ಯತ್ರ ನೆಟ್ಟಿದ್ದರೆ ಅವೂ ಅರಿವಿಗೆ ಬಾರದೆ ಹೋಗುವುದುಂಟು.